ಬಲಕ್ಕೆ ಬಿದ್ದ ಮಲ್ಲಿಗೆ

ಜುಲೈ ೨೮, ಸೋಮವಾರ

ಶ್ರಾವಣದ ಮೊದಲ ಸೋಮವಾರ. ನಾಗಚೌತಿಯೂ ಇಂದೇ. ಉಪವಾಸ, ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಐದಕ್ಕೆ ಎದ್ದು ಮನೆ ಒರೆಸಿ, ಸ್ನಾನ ಮಾಡಿ, ಹಿತ್ತಲ ಮಣ್ಣು ಕಲಸಿ ನಾಗಪ್ಪನನ್ನು ಮಾಡಿದೆ. ಟೆಕ್ಸಾಸಿನ ಈ ಪೇರ್‌ಲ್ಯಾಂಡ್ ಊರಿನ ಮಣ್ಣಿನಲ್ಲಿ ಮೆಂತ್ಯ ಬೆಳೆಯುವುದಿಲ್ಲ, ನಾಗಪ್ಪನಿಗೆ ಮಾತ್ರ ಬಲು ಚೆಂದ. ಒಣಗಿದರೂ ಹೆಡೆ ಬಿರುಕು ಬಿಡಲೇ ಇಲ್ಲ. ದೇವರ ಪಾಲು, ಅಣ್ಣನ ಪಾಲು, ಇವರ ಪಾಲು ಎನ್ನುತ್ತ ಹಾಲೆರೆದೆ. ಕೊನೆಗೆ ಮಗಳು ಸಾನ್ವಿಯ ಟೀಮಿನ ಪಾಲೂ ಎರೆದೆ.

ಎರೆದು ಒಳಗೆ ಬರುತ್ತಲೇ ಮೈದುನ ಸಂಗಮೇಶ. ಆ ಬೇಸ್‌ಬಾಲ್ ಟೀಮಿಗೆ ಅವನೇ ಕೋಚ್. ನಮ್ಮ ಕನ್ನಡದವರದೇ ಲೀಗ್ — ನಾವು, ವುಡ್‌ಲ್ಯಾಂಡ್ಸಿನವರು, ಡಾಲಸ್ ಕಡೆಯ ಫ್ಲವರ್ ಮೌಂಡ್, ಆಸ್ಟಿನ್. ನಮ್ಮ ಟೀಮಿನ ಮಕ್ಕಳೇ ಎಲ್ಲರಿಗಿಂತ ಸಣ್ಣವು, ಹನ್ನೆರಡು ದಾಟಿದ್ದು ಒಂದೂ ಇಲ್ಲ. ಆದರೂ ಸಾಲಾಗಿ ಮೂರು ಆಟ ಗೆದ್ದಿವೆ.

"ವೈನಿ, ವುಡ್‌ಲ್ಯಾಂಡ್ಸ್ ಕೋಚ್ ರಘೂತ್ತಮ ಅವರು ಟ್ರೇಡ್ ಕೇಳ್ಯಾರ. ಸಾನ್ವಿನ್ನ ಕೊಟ್ರ ಆಶ್ರಿತ್‌ನ ಕೊಡ್ತಾರಂತ. ಹದಿನಾಲ್ಕು ವರ್ಷದಾಂವ. ಹೆಂಗ ಎಸೀತಾನ ಅಂತೀರಿ! ಆಸ್ಟಿನ್‌ನ್ಯಾಗ ನಡಿಯೋ ಫೈನಲ್ ನಮ್ದ ಅಂತ ತಿಳ್ಕೋರಿ."

ಇವರು ಚಹಾ ಕುಡಿಯುತ್ತ, "ಎತ್ತು ಬದಲಾಯಿಸೋ ಹಂಗ ಮಾತಾಡ್ತೀಯಲ್ಲೋ" ಎಂದರು.

ಗುರುವಾರ ಸಂಜೆ ಐದು ಕೊನೆಯ ಗಡುವಂತೆ. ಸಂಗಮೇಶ ತಂದ ಒಪ್ಪಿಗೆ ಕಾಗದಕ್ಕೆ ತಾಯಿಯೋ ತಂದೆಯೋ ಸಹಿ ಹಾಕಬೇಕು. ಇವರು ಕಾಗದವನ್ನು ನನ್ನ ಕಡೆ ಸರಿಸಿದರು — "ನೀನ ನೋಡು."

ಜುಲೈ ೨೯, ಮಂಗಳವಾರ

ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದೆ. ಟೀಮಿಗೆಂದು ಬೇರೆ ಡಬ್ಬಿ.

ಕಾಗದ ನೋಡಿದಾಗಲೆಲ್ಲ ಒಂದೇ ನೆನಪು. ನಮ್ಮದು ಕೊಟ್ಟು ತಂದ ಸಂಬಂಧ. ಒಂದೇ ಹಂದರದಲ್ಲಿ ಎರಡು ಮದುವೆ — ಇವರ ತಂಗಿ ನಮ್ಮ ಅಣ್ಣನಿಗೆ, ನಾನು ಇವರಿಗೆ. ದೇವರು ಸುಖವಾಗಿ ಇಟ್ಟಿದ್ದಾನೆ, ದೂರೇನಿಲ್ಲ. ಆದರೆ ಹೋಗುತ್ತೀಯಾ ಎಂದು ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಆದರೂ…

ಪೂಜೆಯಲ್ಲಿ ಈಶ್ವರನ ನೆತ್ತಿಗೆ ಒದ್ದೆ ಮಲ್ಲಿಗೆ ಇಟ್ಟು ಅಪ್ಪಣೆ ಕೇಳಿದೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಟಪ್ಪನೆ ಬಲಕ್ಕೇ ಬಿತ್ತು. ಕೈ ಮುಗಿದೆ. ಮುಗಿದ ಮೇಲೆ ಹೊಳೆಯಿತು, ನಾನು ಕೇಳಿದ್ದು "ಕೊಡಲೋ, ಇಟ್ಟುಕೊಳ್ಳಲೋ" ಎಂದು. ಹೂಂ ಎಂದದ್ದು ಯಾವುದಕ್ಕೆ? ಒಂದೇ ಮಾತಿಗೆ ಎರಡು ಸಲ ಅಪ್ಪಣೆ ಕೇಳಬಾರದು. ದೇವರ ಮನೆಯಲ್ಲಿ ಕುಳಿತು ಒಬ್ಬಳೇ ನಕ್ಕೆ.

ಜುಲೈ ೩೧, ಗುರುವಾರ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಸಾನ್ವಿಯ ತಲೆ ಬಾಚುತ್ತ ಟ್ರೇಡಿನ ಮಾತು ಕೇಳಿಯೇ ಬಿಟ್ಟೆ. ಅಳುತ್ತಾಳೆ ಎಂದುಕೊಂಡಿದ್ದೆ. ಬಾಚಣಿಗೆ ಸಮೇತ ತಿರುಗಿದಳು.

"ವೇಟ್… ದೇ ವಾಂಟ್ ಮಿ? ಆ್ಯಸ್ ಕ್ಯಾಚರ್?"

ಕ್ಯಾಚರ್ ಎಂದರೆ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಎಸೆದ ಚೆಂಡನ್ನೆಲ್ಲ ಹಿಡಿಯುವವಳು. ಆಟಕ್ಕೆ ಮುಂಚೆ ಗೆಳತಿ ದಿಯಾ ಎಸೆಯುವುದು, ಇವಳು ಹಿಡಿಯುವುದು — ಅದನ್ನು ರಘೂತ್ತಮ ಅವರು ನೋಡಿದ್ದರಂತೆ. ಆಟ ಶುರುವಾದರೆ ಸಂಗಮೇಶ ಇವಳನ್ನು ಚೆಂಡೇ ಬಾರದ ಮೂಲೆಯಲ್ಲಿ ನಿಲ್ಲಿಸುತ್ತಾನಂತೆ.

"ಯಾಕ?"

"ಚಿಕ್ಕಪ್ಪ ಸೇಸ್ ಪೀಪಲ್ ವಿಲ್ ಟಾಕ್, ಅಮ್ಮಾ. ಬಿಕಾಸ್ ಐ ಆ್ಯಮ್ ಫ್ಯಾಮಿಲಿ."

ಮನೆಯ ಮಗಳು ಎಂದೇ ಮೂಲೆಗೆ! ಜನ ಆಡಿಕೊಂಡಾರೆಂದು!

"ಹಂಗಾದ್ರ ಹೋಗ್ತೀಯೇನು?"

ದಿಯಾ ಎಸೆದದ್ದನ್ನು ಇಲ್ಲೇ ಹಿಡಿಯಲು ಬಿಟ್ಟರೆ ಇರುತ್ತಾಳಂತೆ. ಬಿಡದಿದ್ದರೆ ಹೋಗುತ್ತಾಳಂತೆ. ಅಷ್ಟೇ. ನನಗಿಂತ ಸ್ಪಷ್ಟ.

ಅದೇ ದಿನ, ಮೂರು ಗಂಟೆ

ಕಾಗದಕ್ಕೆ ಸಹಿ ಹಾಕಿದೆ. ಹಿಂಬದಿಯಲ್ಲಿ ನಮ್ಮೂರ ಶಾಲೆಯ ದುಂಡಕ್ಷರದಲ್ಲಿ ಹೀಗೆ ಬರೆದೆ:

"ಸಂಗಮೇಶ, ಫೈನಲ್ಲಿಗೆ ದೊಡ್ಡ ಹುಡುಗ ಬೇಕೆನ್ನುತ್ತೀ. ನಮ್ಮ ಮಕ್ಕಳು ಸಣ್ಣವು, ಸೋತರೂ ಮುಂದಿನ ವರ್ಷ ಇವೇ ದೊಡ್ಡವಾಗುತ್ತವೆ. ಊರ ಮಾತಿಗೆ ಹೆದರಿ ನೀನು ಮೂಲೆಯಲ್ಲಿಟ್ಟ ಹುಡುಗಿಯನ್ನು ಒಂದು ತಾಸಿನ ಹಾದಿಯಿಂದ ಬಂದವರು ಗುರುತಿಸಿದರು. ಶನಿವಾರದ ಆಟದಿಂದ ಅವಳೇ ಕ್ಯಾಚರ್ ಅನ್ನುವುದಾದರೆ ಈ ಕಾಗದ ಹರಿದು ಹಾಕು. ಇಲ್ಲವಾದರೆ ಮುಂಬದಿಯಲ್ಲಿ ನನ್ನ ಸಹಿ ಇದೆ, ನಗುನಗುತ್ತ ಕಳಿಸುತ್ತೇನೆ."

ಫೋನ್ ಬಂತು. "ವೈನಿ, ಸಹಿದು ಫೋಟೋ ಹೊಡದು ವಾಟ್ಸ್ಯಾಪ್ ಮಾಡ್ರಿ."

"ಆಗಂಗಿಲ್ಲಪ್ಪಾ. ಎರಡೂ ಕಡೆ ಬರದೇನಿ."

"ಎರಡೂ ಕಡೆ ಏನೈತ್ರಿ?"

"ಬಂದು ಒಯ್ಯಿ, ತಿಳೀತದ."

ಟೀಮಿನ ಉಂಡಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಶಿವನೇ, ಅವನು ಮೊದಲು ಹಿಂಬದಿಯನ್ನೇ ಓದಲಿ. ಐದರೊಳಗೆ ಬಂದು ಒಯ್ಯಲಿ. ಸಾನ್ವಿ ಆಗಲೇ ಗ್ಲೌಸು ತೊಟ್ಟು ಬಾಗಿಲಲ್ಲಿ ನಿಂತು ಚಿಕ್ಕಪ್ಪನ ದಾರಿ ನೋಡುತ್ತಿದ್ದಾಳೆ.