ಬಕೆಟ್ಟು ಎತ್ತುವ ತಾಲೀಮು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಗೋಲ್‌ಕೀಪರ್ ಮಗಳೇ,

ನಿನ್ನಪ್ಪನ ಭಾರೀ ಕಂಠದ ಆಶೀರ್ವಾದ ಮೊದಲು ಸ್ವೀಕರಿಸು! ಫೈನಲ್ ಮುಗಿದು ಇಷ್ಟು ದಿನವಾದರೂ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಗಂಟಲು ಕಟ್ಟಿತ್ತು. "ಕಾಗದ ಬರೆಯೋಕೆ ಗಂಟಲು ಯಾಕ್ರೀ?" ಎಂದು ನಿನ್ನಮ್ಮ ಕೇಳಿದಳು. ಜೋರಾಗಿ ಹೇಳಿಕೊಳ್ಳದೆ ನನಗೊಂದು ಸಾಲೂ ಬರೆಯಲು ಬಾರದು, ಗೊತ್ತಿದ್ದೂ ಕೇಳುತ್ತಾಳೆ.

ಊರಿನಲ್ಲಿ ಈಗ ಒಂದೇ ಚರ್ಚೆ. ನಮ್ಮ ಸೀಮೆಯ ಹಾಕಿ ತಂಡ ಫೈನಲ್‌ನಲ್ಲಿ ಸೋತಿತು, ವಾಲಿಬಾಲ್ ತಂಡ ಫೈನಲ್‌ನಲ್ಲಿ ಸೋತಿತು, ಈಗ ಸಂಬಳ ಕೊಟ್ಟು ಸಾಕಿದ ನಿಮ್ಮ ಫುಟ್‌ಬಾಲ್ ತಂಡವೂ! ಯಾಕೆ? "ಜೆರ್ಸಿ ಬಣ್ಣ ಸರಿಯಿಲ್ಲ ಸಾರ್. ನೋಡಿದ್ರೆ ಎದುರಾಳಿಗೆ ಹೆದರಿಕೆ ಬರಲ್ಲ, ನಿದ್ದೆ ಬರುತ್ತೆ" ಎಂದು ಕ್ಷೌರಿಕ ನನ್ನ ಕೆನ್ನೆಯ ಮೇಲೆ ಕತ್ತಿಯಿಟ್ಟು ಹೇಳಿದ. ಒಪ್ಪದೆ ಏನು ಮಾಡಲಿ! ತಂಡದ ಬಸ್ಸು ಓಡಿಸುವ ನಿನ್ನ ಸೋದರಮಾವನದು ಇನ್ನೊಂದು: "ಭಾವ, ಹೋಗುವಾಗ ಹಾಡ್ತಾರೆ, ಬರುವಾಗ ಮಲಗ್ತಾರೆ. ಆಡೋದು ಯಾವಾಗ?"

ನಿಜ ಕಂಡವರು ನಾವಿಬ್ಬರೇ. ಮೇಲೆ ಘೋಷಕನ ಗೂಡಿನಲ್ಲಿ ಮೈಕ್ ಹಿಡಿದ ನಾನು, ಕೆಳಗೆ ಗೋಲಿನ ಬಾಯಲ್ಲಿ ನಿಂತ ನೀನು.

ಹುಡುಗಿಯರು ಎಂದೂ ಗೆದ್ದ ಕಪ್ಪು ಎತ್ತಿದವರಲ್ಲ, ಎತ್ತುವಾಗ ತಡವರಿಸಬಾರದು ಎಂದು ತಂಡದ ಕಾರ್ಯದರ್ಶಿಗಳು ತಾಲೀಮು ಇಟ್ಟರಲ್ಲ! ಕಪ್ಪಿನ ಜಾಗದಲ್ಲಿ ನೆಲ ಒರೆಸುವ ಬಕೆಟ್ಟು. ಫೋಟೋಗೆ ಮುಂದಿನ ಸಾಲು ಮಂಡಿಯೂರಬೇಕು, ಹಿಂದಿನದು ಕೈಯೆತ್ತಬೇಕು. "ಸೀಟಿ ಬಿತ್ತೋ, ಓಡು, ಜಾಗ ಹಿಡಿ!" ಎಂದು ಕೋಚ್ ವಾರವಿಡೀ ಓಡಿಸಿದರು. ಚೆಂಡಿಗೆ ಹೊತ್ತೇ ಉಳಿಯಲಿಲ್ಲ. ಬಕೆಟ್ಟಿನ ಬಲಗಡೆ ಯಾರೆಂಬ ಜಗಳದಲ್ಲಿ ಇಬ್ಬರು ಫಾರ್ವರ್ಡ್‌ಗಳು ಮಾತು ಬಿಟ್ಟರು. ನೀನೊಬ್ಬಳೇ, "ಮೊದ್ಲು ಗೆಲ್ಲೋಣ ಸಾರ್, ಆಮೇಲೆ ನಿಲ್ಲೋಣ" ಅಂದೆ. ಕೋಚ್ ಹತ್ತಿರ ಬೈಸಿಕೊಂಡೆ. ನಾಟಕ ಕಂಪನಿಯಲ್ಲಿ ಬೆಳೆದವನು ನಾನು. ಕೊನೆಯ ದೃಶ್ಯವನ್ನಷ್ಟೇ ತಾಲೀಮು ಮಾಡುವ ಕಂಪನಿಯನ್ನು ಎಲ್ಲೂ ಕಂಡಿರಲಿಲ್ಲ.

ಬಂತು ನೋಡು ಆ ದೃಶ್ಯ! ಒಂದು ಗೋಲಿನಿಂದ ನಾವೇ ಮುಂದೆ. ಕೊನೆಯ ನಿಮಿಷ. ರೆಫರಿ ಸೀಟಿ ಊದಿದರು. ಎದುರಾಳಿಗೊಂದು ಫ್ರೀ ಕಿಕ್, ಅಷ್ಟೇ. ಆದರೆ ಸೀಟಿ ಸೀಟಿಯೇ! ನಮ್ಮ ಹತ್ತೂ ಹುಡುಗಿಯರು ಮೈದಾನದ ನಡುವಿಗೆ ಓಡಿದರು. ಮುಂದಿನ ಸಾಲು ಮಂಡಿಯೂರಿತು, ಹಿಂದಿನದು ಕೈಯೆತ್ತಿತು. ಆಹಾ, ಏನು ಶಿಸ್ತು! ಕಾರ್ಯದರ್ಶಿಗಳು ಬಣ್ಣದ ಕಾಗದ ಹಾರಿಸಿದರು. ಆ ಕಾಗದದ ಮಳೆಯೊಳಗಿಂದ ಎದುರಾಳಿಗಳು ಐವರು ನಿನ್ನೊಬ್ಬಳ ಮೇಲೆ ಬಂದರು. ಒಂದು ಹೊಡೆತ ತಡೆದೆ. ಎರಡನೆಯದನ್ನೂ ತಡೆದೆ. ಮೂರನೆಯದು ಒಳಗೆ ಹೋಯಿತು, ಆಟ ಸಮವಾಯಿತು. ಹೆಚ್ಚುವರಿ ಸಮಯದಲ್ಲಿ ಆ ಮಂಡಿಗೆ ಮಣ್ಣಂಟಿದವರು ಆಡಿದ್ದು ಒಂದು ಆಟವೇ?

"ಗೋಲ್‌ಕೀಪರ್ ಬಿಟ್ಟುಬಿಟ್ಳು" ಎಂದು ಅಂಗಡಿಯಲ್ಲಿ ಯಾರೋ ಅಂದ. ಮೈಕಿಲ್ಲದೆಯೇ ಉತ್ತರ ಕೊಟ್ಟೆ. "ಮೆತ್ತಗೆ ಸಾರ್, ಗಾಜಿನ ಸಾಮಾನಿದೆ!" ಎಂದು ಅಂಗಡಿಯವನು ಕೈಮುಗಿದ.

ಹೊತ್ತಿಗೆ ಸರಿಯಾಗಿ ಉಣ್ಣು. ಹೆಬ್ಬೆರಳಿನ ಪಟ್ಟಿ ಈಗಲೇ ಬಿಚ್ಚಬೇಡ. ಆ ಎರಡು ಕೈ ನೂರು ವರ್ಷ ಗಟ್ಟಿಯಾಗಿರಲಿ.

ಮೈಕಿದ್ದರೂ ಇಲ್ಲದಿದ್ದರೂ ನಿನ್ನವನೇ,
ಅಪ್ಪ

ತಾ.ಕ.: ನಮ್ಮನ್ನು ಸೋಲಿಸಿದ ತಂಡವೇ ನಿನ್ನನ್ನು ಕರೆದಿದೆಯಂತೆ, ನೀನು ಒಪ್ಪಿದ್ದೀಯಂತೆ. ಅಮ್ಮನಿಗೆ ಹೇಳಿದ್ದೀಯ, ನನಗೆ ಹೇಳಲಿಲ್ಲ. ಹೋಗು ಮಗಳೇ, ಅಲ್ಲಿ ಚೆಂಡಿನ ಜೊತೆ ತಾಲೀಮು ಮಾಡಿಸುತ್ತಾರೆ. ಆದರೆ ಮುಂದಿನ ವರ್ಷ ಇದೇ ಗೂಡಿನಿಂದ ನಿನ್ನ ಹೆಸರು ಕೂಗಬೇಕಾದವನು ನಾನು. ಬಚ್ಚಲಿನ ಬಾಗಿಲು ಹಾಕಿಕೊಂಡು ಈಗಿನಿಂದಲೇ ಶುರುಮಾಡಿದ್ದೇನೆ. "ಎದುರಾಳಿ ತಂಡದ ಗೋಲ್‌ಕೀಪರ್" ಎನ್ನುವವರೆಗೆ ಗೋಡೆ ನಡುಗುತ್ತದೆ. ನಿನ್ನ ಹೆಸರಿಗೆ ಬಂದಾಗ ನಿನ್ನಮ್ಮ ಹೊರಗಿನಿಂದ ಕೇಳುತ್ತಾಳೆ: "ಯಾಕ್ರೀ, ನಲ್ಲಿ ನಿಂತುಹೋಯ್ತಾ?"