ಕೊನೆಯ ಹತ್ತು ನಿಮಿಷ

ಸೈಬರ್‌ಜಯಾ
೭ ಫೆಬ್ರವರಿ ೨೦೨೧, ಭಾನುವಾರ

ಪ್ರೀತಿಯ ಕೀರ್ತಿ,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹಾಳೆಯ ಫೋಟೋ ತೆಗೆದು ಕಳಿಸಿದಾಗ ಆ ಕಾಟು ನಿನಗೂ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಹೇಳಹೊರಟರೆ ಮೂರನೇ ಮಾತಿಗೆ ಜಗಳವಾಗುತ್ತದೆ. ಇಲ್ಲದಿದ್ದರೆ ಧೃತಿಯ ಮುಖಕ್ಕೆ ಕ್ಯಾಮೆರಾ ಹಿಡಿದು ಇಬ್ಬರೂ ಆ ಏಳು ತಿಂಗಳ ಕೂಸಿನ ಹಿಂದೆ ಅಡಗಿಕೊಳ್ಳುತ್ತೇವೆ. ಅದಕ್ಕೇ ಈ ಕಾಗದ.

ಮೊದಲು ವಿಷಯ ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ತಾರೀಕು ಬೆಂಗಳೂರಿಗೆ ಒಂದು ವಿಮಾನವಿದೆ. ನನಗೂ ಮಗುವಿಗೂ ಜಾಗ ಸಿಕ್ಕಿದೆ, ಮಂಗಳವಾರದೊಳಗೆ ಹೂಂ ಅನ್ನಬೇಕು. ಒಮ್ಮೆ ಹೊರಟರೆ ಈ ದೇಶ ನನ್ನನ್ನು ಮತ್ತೆ ಒಳಗೆ ಬಿಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆಫೀಸಿನಲ್ಲಿ ಕೇಳಿದೆ. ಒಂದು ತಿಂಗಳು ಅಲ್ಲಿಂದಲೇ ಕೆಲಸ ಮಾಡು, ಆಮೇಲೆ ನೋಡೋಣ ಲಾ, ಎಂದು ಇಲ್ಲಿಯವರ ಮಾತಿನ ಬಾಲವಾದ ಆ ‘ಲಾ’ ಸೇರಿಸಿ ಹೇಳಿದರು. ಆ ‘ನೋಡೋಣ ಲಾ’ಗೆ ಏನು ಅರ್ಥ ಎಂದು ನಾಲ್ಕು ವರ್ಷ ಇಲ್ಲಿದ್ದ ನಿನಗೆ ನಾನು ಹೇಳಬೇಕಿಲ್ಲ. ಕೆಲಸ ಹೋಗುತ್ತದೆ. ಆದರೂ ನಾನು ಹೂಂ ಅನ್ನುವವಳಿದ್ದೇನೆ. ಯಾಕೆ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಕಳೆದ ಮಾರ್ಚಿನಲ್ಲಿ ಅತ್ತೆಯ ವರ್ಷಾಬ್ದಿಕಕ್ಕೆಂದು ನೀನು ಕಾಪುವಿಗೆ ಹೋದದ್ದು ಹತ್ತು ದಿನಕ್ಕೆ. ಬರುವಾಗ ಐದು ಕೆ.ಜಿ. ಕುಚ್ಚಲಕ್ಕಿ ತರುತ್ತೇನೆ ಎಂದಿದ್ದೆ. ಒಂದು ವಾರದೊಳಗೆ ಇಲ್ಲಿಯವರು ಗಡಿ ಮುಚ್ಚಿದರು. ಅದಕ್ಕೆ ನಾನು ನಿನ್ನನ್ನು ಬೈದಿಲ್ಲ. ಜುಲೈನಲ್ಲಿ ಹೆರಿಗೆಯಾಗುವಾಗ ನರ್ಸ್ ನನ್ನ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟಿದ್ದಳು. ಅದು ಜಾರಿ ಬಿದ್ದು ನಿನಗೆ ಸೀಲಿಂಗ್ ಬಿಟ್ಟು ಬೇರೇನೂ ಕಾಣಲಿಲ್ಲ. ಅದಕ್ಕೂ ಬೈದಿಲ್ಲ. ಬೈದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ನೀನು ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಾದದ್ದು ನಿನ್ನ ತಂಗಿ ವಾರಿಜಾಳ ಸ್ಟೇಟಸ್ಸಿನಿಂದ. ಕೈಯಲ್ಲಿ ಪೇಡೆ ಡಬ್ಬ ಹಿಡಿದು ನೀನು ನಗುತ್ತಿದ್ದೆ. ‘ನಮ್ಮಣ್ಣ ಇನ್ನು ಊರಲ್ಲೇ’ ಎಂದು ಕೆಳಗೆ ಬರೆದಿದ್ದಳು. ಇಲ್ಲಿನ ನಿನ್ನ ಕಾಂಟ್ರಾಕ್ಟ್ ಮುಗಿದಿತ್ತು, ಬೇರೆ ದಾರಿ ಇರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಒಂದು ಮಾತು ಕೇಳುವುದಕ್ಕೆ ಏನಾಗಿತ್ತು ನಿನಗೆ?

ಅಲ್ಲಿಂದ ಮುಂದೆ ನಾವು ಮಾತಾಡಿದ್ದು ಮಗುವಿನ ತೂಕ, ಮಗುವಿನ ಲಸಿಕೆ. ಮಾವನವರಂತೂ ಫೋನ್ ಎತ್ತಿದರೆ, ಊಟ ಆಯ್ತಾ, ಎಂದು ಕೇಳಿ ಉತ್ತರಕ್ಕೂ ಕಾಯದೆ ನಿನ್ನ ಕೈಗೆ ದಾಟಿಸುತ್ತಾರೆ. ಬಿಸಿ ಪಾತ್ರೆ ದಾಟಿಸಿದ ಹಾಗೆ.

ನವೆಂಬರಿನಲ್ಲಿ ಒಂದು ದಿನ ನಾನು ನಿನ್ನ ಸ್ಟ್ರೀಮಿಂಗ್ ಖಾತೆಯ ಒಟಿಪಿ ಕೇಳಿದ್ದು ನೆನಪಿದೆಯೇ? ಆ ವಾರ ನಮ್ಮಿಬ್ಬರ ನಡುವೆ ನಡೆದ ಇಡೀ ಮಾತುಕತೆ ಆರು ಅಂಕಿಗಳು. ಯಾಕೆ ಎಂದು ನೀನು ಕೇಳಲಿಲ್ಲ. ನಮ್ಮ ಬೆಂಗಳೂರಿನ ನೀಲಿ ಫುಟ್‌ಬಾಲ್ ತಂಡದ ಆಟ ನೋಡಲು. ಈ ದೇಶದಲ್ಲಿ ನಮ್ಮ ಲೀಗನ್ನು ಯಾರೂ ತೋರಿಸುವುದಿಲ್ಲ, ಇಲ್ಲಿ ಕೂತು ತೆರೆದರೆ ಆ ಆ್ಯಪ್ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತದೆ. ಅದಕ್ಕೆ ಇನ್ನೊಂದು ಆ್ಯಪ್ ಹಾಕಿಕೊಂಡೆ. ನನ್ನ ಫೋನು ಮುಂಬೈಯಲ್ಲಿದೆ ಎಂದು ಅದು ನಂಬಿಸುತ್ತದೆ. ನಾನು ಬರಲಾಗದ ದೇಶಕ್ಕೆ ನನ್ನ ಫೋನು ದಿನಾ ಹೋಗಿ ಬರುತ್ತದೆ ನೋಡು. ನಡುವೆ ಬರುವ ಜಾಹೀರಾತುಗಳನ್ನೂ ಬಿಡದೆ ನೋಡುತ್ತೇನೆ. ಬಟ್ಟೆ ಸೋಪು, ಅಡುಗೆ ಎಣ್ಣೆ, ತವರಿಗೆ ಬಂದ ಮಗಳು. ಗೋವಾದ ಖಾಲಿ ಮೈದಾನದಲ್ಲಿ ಆಟ, ರೆಕಾರ್ಡ್ ಮಾಡಿದ ಜನರ ಕೂಗು. ಈ ಸಲ ನಮ್ಮವರು ಆಡುವುದೂ ಅಷ್ಟಕ್ಕಷ್ಟೆ. ಆದರೂ ನೋಡಿದೆ.

ಯಾಕೆ ಎಂದರೆ, ಎಚ್ಚರವಾಗಿರಲು. ಇದನ್ನು ನಿನಗೆ ಹೇಳಿರಲಿಲ್ಲ.

ದೀಪಾವಳಿಯ ಮರುದಿನ ಸೋಫಾದ ಮೇಲೆ ಕೂತು ಹಾಲು ಕುಡಿಸುತ್ತಾ ನನಗೆ ಜೊಂಪು ಹತ್ತಿತು. ಎಷ್ಟು ಹೊತ್ತು ಎಂದು ತಿಳಿಯದು. ಕಣ್ಣು ಬಿಟ್ಟಾಗ ಧೃತಿ ನನ್ನ ಸೊಂಟಕ್ಕೂ ಸೋಫಾದ ಸಂದಿಗೂ ನಡುವೆ ಮುಖ ಕೆಳಗಾಗಿ ಜಾರಿದ್ದಳು. ಎತ್ತಿಕೊಂಡೆ, ಕಿರುಚಿದಳು. ಅಷ್ಟು ಒಳ್ಳೆಯ ಅಳುವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಏನೂ ಆಗಿರಲಿಲ್ಲ ಕೀರ್ತಿ. ಆದರೆ ಆವತ್ತಿನಿಂದ ನಿದ್ದೆ ನನಗೆ ಶತ್ರು. ಅವಳು ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಬೆರಳಿಗೆ ನಂಬಿಕೆ ಸಾಲದೆ ಕೆನ್ನೆ ಒಡ್ಡುತ್ತೇನೆ. ಎದುರು ಮನೆಯ ಕಾಂತಮ್ಮ ಅಂಗಡಿಯಿಂದ ‘ತಪಾವ್’ ಎಂದು ಪೊಟ್ಟಣ ಕಟ್ಟಿಸಿ ತಂದ ಇಡಿಯಾಪ್ಪವನ್ನು ಬಾಗಿಲಿಗೆ ನೇತುಹಾಕಿ, ಕಾರಿಡಾರಿನ ಆ ತುದಿಯಿಂದ, ತಿನ್ನು ಲಾ, ಮಲಗು ಲಾ, ಎಂದು ತಮ್ಮ ತಮಿಳಿನಲ್ಲಿ ಕೂಗಿ ಹೋಗುತ್ತಾರೆ. ತಿನ್ನುತ್ತೇನೆ. ಎರಡನೆಯದು ಆಗುವುದಿಲ್ಲ. ಅದಕ್ಕೇ ಹಾಲು ಕುಡಿಸುವಾಗಲೆಲ್ಲ ಎದುರಿಗೆ ಫುಟ್‌ಬಾಲ್. ಚೆಂಡಿನ ಹಿಂದೆ ಕಣ್ಣು ಓಡುತ್ತಿದ್ದರೆ ರೆಪ್ಪೆ ಮುಚ್ಚುವುದಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಆ್ಯಪ್ ತೆರೆದರೆ, ‘ಈ ಖಾತೆಯಲ್ಲಿ ಇನ್ನೊಬ್ಬರು ನೋಡುತ್ತಿದ್ದಾರೆ’ ಎಂದು ಬಂತು. ಇನ್ನೊಬ್ಬರು! ಆ ಸಾಲನ್ನು ಎಷ್ಟು ಸಲ ಓದಿದೆನೋ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಮನೆಯಲ್ಲಿ ಯಾರೋ ಓಡಾಡಿದ ಹಾಗಾಯಿತು.

ಆಮೇಲೆ ಆಟದ ಚಿತ್ರದ ಕೆಳಗಿನ ಕೆಂಪು ಗೆರೆಯನ್ನು ಗಮನಿಸತೊಡಗಿದೆ. ಎಲ್ಲಿಯವರೆಗೆ ನೋಡಿದ್ದೇವೆ ಎಂದು ತೋರಿಸುವ ಗೆರೆ. ಮೂವತ್ತೊಂದನೇ ನಿಮಿಷದಲ್ಲಿ ಧೃತಿ ಅತ್ತು ನಾನು ನಿಲ್ಲಿಸಿದ್ದ ಆಟ ಮರುದಿನ ಎಂಬತ್ತಕ್ಕೆ ಬಂದಿತ್ತು. ಇನ್ನೊಂದು ಆಟವನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟೆ. ಮತ್ತೆ ಎಂಬತ್ತು. ಯಾವ ಆಟವಾದರೂ ಸರಿ, ಗೆರೆ ಎಂಬತ್ತಕ್ಕೆ ಬಂದು ನಿಲ್ಲುತ್ತಿತ್ತು. ಕೊನೆಯ ಹತ್ತು ನಿಮಿಷ ಮುಟ್ಟದೆ ಉಳಿದಿರುತ್ತಿತ್ತು.

ಆಗ ನನಗೆ ಖಾತ್ರಿಯಾಯಿತು, ಅದು ನೀನೇ. ನಾವು ಬೆಂಗಳೂರಿನಲ್ಲಿದ್ದಾಗ ಕಂಠೀರವ ಮೈದಾನದಲ್ಲಿ ಪ್ರತಿ ಸಲ ಎಂಬತ್ತನೇ ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದವನು ನೀನು. ಏಳೇ ಅಕ್ಷಯಾ, ಆಮೇಲೆ ಸ್ಕೂಟರ್ ತೆಗೆಯೋಕಾಗಲ್ಲ ಕಣೇ, ಎಂದು ನನ್ನ ದುಪಟ್ಟಾ ಎಳೆಯುತ್ತಿದ್ದೆ. ಮುಗಿಯುವ ಮುಂಚೆ ಎದ್ದು ಹೋಗುವುದು ಆಡುವವರಿಗೆ ಮಾಡುವ ಅವಮಾನ ಎಂದು ನಾನು ಕೂತೇ ಇರುತ್ತಿದ್ದೆ. ನೀನು ಗೇಟಿನ ಹೊರಗೆ ಎರಡು ಹೆಲ್ಮೆಟ್ ಹಿಡಿದು ಕಾಯುತ್ತಿದ್ದೆ. ನಾನು ಬಂದು ಕೊನೆಯ ಹತ್ತು ನಿಮಿಷದ ಕಥೆ ಹೇಳುತ್ತಿದ್ದೆ. ಹಲಸೂರು ಬರುವವರೆಗೂ ಅದೇ ಕಥೆ.

ಎರಡು ತಿಂಗಳಿಂದ ನಾನು ಮೊದಲ ಅರ್ಧ ನೋಡಿ ನಿನಗೆ ಬಿಡುತ್ತಿದ್ದೇನೆ, ನೀನು ಎಂಬತ್ತರವರೆಗೆ ನೋಡಿ ನನಗೆ ಬಿಡುತ್ತಿದ್ದೀಯ. ಈ ಬಗ್ಗೆ ನೀನೊಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ನಿಂತುಹೋದೀತು ಎಂಬ ಭಯ. ಬಾಯಲ್ಲಿ ಕ್ಷಮೆ ಕೇಳಲು ಬರದವನು ಹೀಗೆ ಕೇಳುತ್ತಿದ್ದಾನೆ, ಗೇಟಿನ ಹೊರಗೆ ಹೆಲ್ಮೆಟ್ ಹಿಡಿದು ನಿಂತಿದ್ದಾನೆ ಎಂದುಕೊಂಡೆ. ಹೂಂ ಅನ್ನುವುದು ಅದಕ್ಕೇ. ನೀನು ಫೋನಿನಲ್ಲಿ, ಬರುವುದಾದರೆ ಬಾ, ಎಂದದ್ದಕ್ಕಲ್ಲ. ಆ ಹತ್ತು ನಿಮಿಷಕ್ಕೆ.

ಧೃತಿ ಎದ್ದಳು. ಮಗ್ಗುಲಾಗಿ ಮಲಗಿದರೆ ಥೇಟು ನಿನ್ನದೇ ಕಿವಿ.

ನಿನ್ನ,
ಅಕ್ಷಯಾ

ಮರೆತದ್ದಲ್ಲ, ಆಮೇಲೆ ಆದದ್ದು. ಸೋಮವಾರ, ಮಧ್ಯಾಹ್ನ ಹನ್ನೆರಡು:

ಕಾಗದ ಕಳಿಸುವ ಮುಂಚೆ ನಿನ್ನ ದನಿ ಒಮ್ಮೆ ಕೇಳೋಣ ಎಂದು ಫೋನ್ ಮಾಡಿದೆ. ನೀನು ಫೋನ್ ಮನೆಯಲ್ಲೇ ಮರೆತು ಕಾಲೇಜಿಗೆ ಹೋಗಿದ್ದೆ. ಮಾವ ಎತ್ತಿದರು. ಊಟ ಆಯ್ತಾ, ಎಂದರು. ದಾಟಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ನಿನ್ನೆ ಹದಿನೈದು ನಿಮಿಷ ಕೂಡ ನೋಡ್ಲಿಕ್ಕೆ ಬಿಡ್ಲಿಲ್ಲ ಅಲ್ವಾ ಮಗು, ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು: ಕೀರ್ತಿ ಹೊಸ ಫೋನ್ ತಗೊಂಡ ಮೇಲೆ ಹಳೆಯದು ನನ್ನ ಹತ್ರ ಉಂಟು ಮಾರಾಯ್ತಿ. ನಿನ್ನ ಅತ್ತೆ ಹೋದ ಮೇಲೆ ನನಗೂ ನಿದ್ರೆ ಇಲ್ಲ. ಸುಮ್ಮನೆ ಒತ್ತಿದೆ, ಯಾರೋ ಅರ್ಧ ನೋಡಿದ ಮ್ಯಾಚು ಉಂಟು. ನೀನೇ ಅಂತ ಗೊತ್ತಾಯ್ತು. ಗೆರೆ ಎಲ್ಲಿ ನಿಂತಿದೆ ಅಂತ ನೋಡಿದ್ರೆ ಮಗು ಮಲಗಿತೋ ಇಲ್ವೋ ತಿಳೀತದೆ. ನಾನು ಕೇಳ್ಲಿಕ್ಕೆ ಹೋದ್ರೆ ನಿನಗೆ ಉಪದ್ರ ಅಲ್ವಾ.

ಕೊನೆಯ ಹತ್ತು ನಿಮಿಷ ಯಾಕೆ ಬಿಡುತ್ತಿದ್ದಿರಿ ಮಾವ, ಎಂದೆ. ನೀನು ಕೊನೆ ಬಿಟ್ಟು ಏಳುವವಳಲ್ಲ ಅಂತ ಕೀರ್ತಿ ಒಂದು ಸಲ ಹೇಳಿದ್ದ, ಅದು ನಿನಗೇ ಇರಲಿ ಅಂತ, ಎಂದರು. ಆಮೇಲೆ ನಾಚಿಕೊಂಡವರ ಹಾಗೆ ಕೇಳಿದರು: ಕಡೆಗೆ ಏನಾಗ್ತದೆ ಹೇಳು ನೋಡುವ. ಡಿಸೆಂಬರಿನಿಂದ ಒಂದು ಮ್ಯಾಚಿನ ಕೊನೆಯೂ ನನಗೆ ಗೊತ್ತಿಲ್ಲ.

ಮೇಲೆ ಬರೆದದ್ದರಲ್ಲಿ ಈಗ ಒಂದಕ್ಷರವನ್ನೂ ಹೊಡೆದುಹಾಕಿಲ್ಲ ಕೀರ್ತಿ, ಎಲ್ಲವನ್ನೂ ನೀನು ಓದಬೇಕು. ಗೇಟಿನ ಹೊರಗೆ ನೀನಿರಲಿಲ್ಲ ಎಂದು ಈಗ ನನಗೆ ಗೊತ್ತು. ವಿಮಾನಕ್ಕೆ ಹೂಂ ಅಂದಿದ್ದೇನೆ. ಬೆಂಗಳೂರಿನವರೆಗೆ ಮಾವ ಬರುತ್ತಾರಂತೆ, ಎರಡು ಮಾಸ್ಕ್ ಹಾಕಿಕೊಂಡು. ಕಾರಿನಲ್ಲಿ ಇನ್ನೊಂದು ಜಾಗವಿದೆ, ನೀನು ಬರುವುದಾದರೆ ಬಾ.

ಅವರಿಗೆ ಒಂದು ಆಟದ ಕೊನೆ ಮಾತ್ರ ಹೇಳಿದೆ. ಉಳಿದವನ್ನು ದಾರಿಯಲ್ಲಿ ಹೇಳುತ್ತೇನೆ, ಕಾಪು ಬರುವವರೆಗೂ.