ಹತ್ತು ಹಕ್ಕಿಗೊಂದು ಮಣಿ

ತಿರುಪ್ಪೂರು ಜಿಲ್ಲೆ,
ತೈ ಮಾಸ 27, ಭಾನುವಾರ
9-2-2025

ಚಿರಂಜೀವಿ ಶೋಭನಾಳಿಗೆ,

ತಾಯಿ ಚೌಡೇಶ್ವರಿಯ ಕೃಪೆಯು ನಿನ್ನ ಮೇಲೆಯೂ, ಕಾವೇರಿಯು ಕಡಲನ್ನು ಕೂಡುವ ಆ ಅಳಿವೆಯಲ್ಲಿ ನೀನು ಕಾಯುತ್ತಿರುವ ಪಕ್ಷಿಸಂಕುಲದ ಮೇಲೆಯೂ ಇರಲೆಂದು ಹಾರೈಸಿ ನಿನ್ನ ತಂದೆ ಬರೆಯುವ ಕಾಗದ. ನಾನೂ ನಿನ್ನ ಅಮ್ಮ ರುಕ್ಮಣಿಯೂ ದೇಹದಿಂದ ಕ್ಷೇಮ. ನಿನ್ನ ಪತ್ರ ತಲುಪಿ ಹದಿನೆಂಟು ದಿನಗಳಾದವು. ತಡವಾದುದಕ್ಕೆ ಕಣ್ಣಿನ ಪೊರೆಯನ್ನು ನೆಪ ಮಾಡಬಹುದಿತ್ತು, ಮಾಡುವುದಿಲ್ಲ. ಬರೆಯಲು ಕುಳಿತಾಗಲೆಲ್ಲ ಹೇಸಿಗೆಯೇ ಮುಂದೆ ಬಂದು ಕೂರುತ್ತಿತ್ತು.

ಹಬ್ಬದ ಸಂಗತಿಯನ್ನು ನೀನು ಕೇಳಿದ್ದೆ. ಹೇಳುತ್ತೇನೆ, ಕೇಳು. ತಾಯಿಯನ್ನು ನೀರಿನಿಂದ ಕರೆತರುವುದು ನಮ್ಮ ದೇವಾಂಗರ ಕ್ರಮ. ಕೊಳದ ದಂಡೆಯಲ್ಲಿ ಕಲಶವಿಟ್ಟು, ಆ ಕೊಳದ ನೀರನ್ನೇ ತುಂಬಿ, ಎದೆಗೆ ಕತ್ತಿ ತಾಗಿಸಿಕೊಳ್ಳುತ್ತ ಗಂಡಸರು ಹಿಮ್ಮುಖವಾಗಿ ನಡೆದು ಅವಳನ್ನು ಗುಡಿಗೆ ಕರೆಯುವುದನ್ನು ನೀನು ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕುಳಿತು ಕಂಡವಳು. ಈ ಸಲ ದಂಡೆಗೆ ಹೋದರೆ ನೀರು ನೇರಳೆ ಹಣ್ಣು ಹಿಸುಕಿದಂತಿತ್ತು; ಅಂಚಿಗೆ ಮೊಳದುದ್ದ ನೊರೆ. ನಿನ್ನ ಅಣ್ಣ ದೀನದಯಾಳನ್ ಗಾಡಿಯಿಂದ ಕುಡಿಯುವ ನೀರಿನ ಕ್ಯಾನೊಂದನ್ನು ಇಳಿಸಿ, ಮುಚ್ಚಳ ಕಿತ್ತು, ಕಲಶಕ್ಕೆ ಗಳಗಳನೆ ಸುರಿದ. ನಾನು ಕೈ ಅಡ್ಡ ಮಾಡಿದೆ.

ಗುಡಿಯ ಕಮಿಟಿಯ ಪಳನಿಸಾಮಿ ನಕ್ಕ. "ಏನು ಮಾಮಾ, ತಾಯಿಗೆ ಮಿನರಲ್ ವಾಟರ್ ಕೊಟ್ರೆ ಬೇಡ ಅಂತಾಳಾ? ಮನೇಲಿ ನೀವು ಕುಡಿಯೋದು ಕ್ಯಾನ್ ನೀರು. ಅವಳಿಗೆ ಮಾತ್ರ ಈ ಬಣ್ಣದ ನೀರಾ?"

"ಕರೆಯೋದು ಕೊಳದ ತಾಯೀನ. ಕ್ಯಾನಿನೊಳಗೆ ಯಾರು ಅವ್ರೆ?" ಎಂದೆ.

"ಸ್ಟಿಕ್ಕರ್ ನೋಡಿ ಹೇಳ್ತೀನಿ, ಇರಿ," ಎಂದ. ಕತ್ತಿ ಹಿಡಿದವರೂ ನಕ್ಕರು. ದೀನದಯಾಳನ್ ಮಾತ್ರ ನಗಲಿಲ್ಲ, ಖಾಲಿ ಕ್ಯಾನನ್ನು ನೆರಳಿಗೆ ಸರಿಸಿ, "ಅಪ್ಪಾ, ಸುಮ್ಮಾ ಇರಿ. ಹೊತ್ತಾಯ್ತು," ಎಂದ.

ಇದನ್ನು ಭಕ್ತಿಯೆಂದು ಕರೆಯುವ ಬಾಯಿಯನ್ನು ಯಾವ ನೀರಿನಿಂದ ತೊಳೆಯುವುದು? ಬನಿಯನ್ ಬಟ್ಟೆಗೆ ಬಣ್ಣ ಕಟ್ಟುವ ಸಾಯಪಟ್ಟರೆಗಳಲ್ಲಿ ದಿನವೆಲ್ಲ ದುಡಿದು, ಕತ್ತಲಲ್ಲಿ ಕಾಲುವೆಗೆ ವಿಷ ಬಿಟ್ಟು, ಬೆಳಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಬಳಿದುಕೊಳ್ಳುವ ಜನ! ಕೊಳ ತುಂಬಿ ನೊಯ್ಯಲು ಹೊಳೆಗೆ ಇಳಿಯುತ್ತದೆ; ನೊಯ್ಯಲು ಕಾವೇರಿಗೆ, ಕಾವೇರಿ ನಿನ್ನ ಅಳಿವೆಗೆ. ನಾವು ಇಲ್ಲಿ ಉಗುಳಿದ್ದು ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವ ನಿನ್ನ ಪಾದಕ್ಕೆ ಬಂದು ತಾಗುತ್ತದೆಯೆಂದು ಎಣಿಸಿದಾಗ ತಟ್ಟೆ ಬಿಟ್ಟು ಎದ್ದುಬಿಡುತ್ತೇನೆ, ಮಗಳೇ.

ಹಬ್ಬ ಮುಗಿದ ನಾಲ್ಕನೆಯ ದಿನ, ಏರಿಯ ಮೇಲೆ ಆಡು ಮೇಯಿಸುವ ರಾಮಾತಾಳ್ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. "ಅಯ್ಯಾ, ನಿಮ್ಮ ಮಗಳ ಹಕ್ಕಿ ಇದೇನಾ ನೋಡಿ. ಕಾಲಲ್ಲಿ ಬಳೆ ಇಟ್ಕೊಂಡದೆ." ಬಣ್ಣದ ಕೊಕ್ಕರೆ. ಕಾಲಿನಲ್ಲಿ ನೀವು ತೊಡಿಸುವ ಹಸಿರು ಉಂಗುರ. ರೆಕ್ಕೆಯ ಗುಲಾಬಿ ಗರಿ ಯಾವುದು, ಸಾಯದ ಬಣ್ಣ ಯಾವುದು ಎಂದು ನನ್ನ ಕಣ್ಣಿಗೆ ತಿಳಿಯಲಿಲ್ಲ. ತುಳಸಿ ನೀರು ಬಿಟ್ಟು, ಹಿತ್ತಲ ನುಗ್ಗೆಯ ಬುಡದಲ್ಲಿ ಹೂಳಿದೆ. ನಿನ್ನ ಅಮ್ಮ, ಸತ್ತವರ ಮನೆಯವಳಂತೆ, ತಲೆಗೆ ನೀರು ಹಾಕಿಕೊಂಡಳು. ಉಂಗುರವನ್ನು ಕತ್ತರಿಸಿ ಈ ಲಕೋಟೆಯಲ್ಲಿಟ್ಟಿದ್ದೇನೆ.

ನಿನ್ನ ಪತ್ರದ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಅಪ್ಪಾ, ನೀವು ತಿಂಗಳಿಗೊಮ್ಮೆ ಕೊಳದ ಹಕ್ಕಿಗಳನ್ನು ಜಪಮಾಲೆಯಲ್ಲಿ ಎಣಿಸುವ ಕ್ರಮವನ್ನು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹತ್ತು ಹಕ್ಕಿಗೊಂದು ಮಣಿ, ಕೈ ತಪ್ಪುವುದೇ ಇಲ್ಲ. ಅಳಿವೆಯಲ್ಲಿ ಬಿರುಗಾಳಿ ಎದ್ದಾಗ ಹಕ್ಕಿಗಳಿಗೆ ಒಳನಾಡಿನ ಕೊಳಗಳೇ ಗತಿ. ನಮ್ಮೂರ ಕೊಳದ ಲೆಕ್ಕ ಚೆನ್ನಾಗಿರುವುದರಿಂದ, ಇಪ್ಪತ್ತನೇ ತಾರೀಕಿನ ಸಭೆಯಲ್ಲಿ ಕಾವಲು ಬೇಕಾದ ಕೊಳಗಳ ಪಟ್ಟಿಯಿಂದ ಅದನ್ನು ಬಿಡುತ್ತಿದ್ದೇವೆ. ಇನ್ನೂ ಕೆಟ್ಟಿರುವ ಕೊಳಕ್ಕೆ ಆ ಜಾಗ ಸಿಗಲಿ." ತಂದೆಯ ಮಾತನ್ನು ವೇದವಾಕ್ಯವೆಂದು ನಂಬಿದ ಮಗಳು ಬರೆದ ಸಾಲು. ಹೆತ್ತವನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಕಡಲ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಅಮ್ಮ ಕಳಿಸಿದ ಹುರಳಿ ಪುಡಿಯನ್ನು ಅನ್ನಕ್ಕೆ ಕಲಸಿಕೊಂಡು ತಿನ್ನಬೇಕಂತೆ. ನಿನಗೆ ದೀರ್ಘಾಯುಸ್ಸು ಉಂಟಾಗಲಿ. ನೀನು ಉಂಗುರ ತೊಡಿಸಿದ ಕಾಲುಗಳೆಲ್ಲ ಮರಳಿ ನಿನ್ನ ನೀರಿಗೇ ಇಳಿಯಲಿ. ನಿನ್ನ ಮನಸ್ಸು ಎಂದೆಂದಿಗೂ ನಿರ್ಮಲವಾಗಿರಲಿ.

ಇಂತು ನಿನ್ನ ಅಪ್ಪ,
ಚಿನ್ನಸಾಮಿ

ಮರೆತ ಮಾತು ಎಂದು ಬರೆಯಲು ಕೈ ಬರುತ್ತಿಲ್ಲ, ಮರೆತದ್ದಲ್ಲ. ಕಾರ್ತಿಕದಲ್ಲಿ ಅರವತ್ತನಾಲ್ಕು ಮಣಿ, ಮಾರ್ಗಳಿಯಲ್ಲಿ ಅರವತ್ತೊಂದು ಎಂದು ನಿನಗೆ ಬರೆದು ಕಳಿಸಿದೆನಲ್ಲ, ಅವು ಸುಳ್ಳು. ಕಾರ್ತಿಕದಲ್ಲಿ ಉರುಳಿದ್ದು ಒಂಬತ್ತು, ಮಾರ್ಗಳಿಯಲ್ಲಿ ನಾಲ್ಕು. ಈ ತಿಂಗಳು ಒಂದೂ ಇಲ್ಲ. ಬಂದದ್ದು ಸೆರಗಿನಲ್ಲಿ ಬಂದ ಆ ಕೊಕ್ಕರೆ.

ಕಾರ್ತಿಕದ ಎಣಿಕೆಯ ದಿನ ತೆಂಗಿನ ಗರಿಗಳ ಕೆಳಗೆ ಕಾಲುವೆಗೆ ಬಿಟ್ಟ ಕೊಳವೆಯನ್ನು ಕಂಡೆ. ಅದರ ಜಾಡು ಹಿಡಿದು ನಡೆದರೆ ಮುಟ್ಟಿದ್ದು ನಿನ್ನ ಅಣ್ಣನ ಸಾಯಪಟ್ಟರೆಯ ಹಿಂಬಾಗಿಲನ್ನು. "ಎಲ್ಲಾರೂ ಬಿಡ್ತಾ ಅವ್ರೆ ಅಪ್ಪಾ. ನಾನೊಬ್ಬ ನಿಲ್ಲಿಸಿದ್ರೆ ಕೊಳ ಗಂಗೆ ಆಗಿಬಿಡುತ್ತಾ? ಶೋಭನಾಗೆ ಮಾತ್ರ ಹೇಳಬೇಡಿ," ಎಂದ. ಮನೆಗೆ ಬಂದು ಕಾಲು ತೊಳೆದು, ದೇವರ ಮುಂದೆಯೇ ಕುಳಿತು, ಹಳೆಯ ವರ್ಷದ ಲೆಕ್ಕವನ್ನು ನೋಡಿ ನಿನಗೆ ಬರೆದೆ. ಸಂಖ್ಯೆ ಸರಿಹೊಂದಲೆಂದು ಇಲ್ಲದ ಹಕ್ಕಿಗಳಿಗೂ ಮಣಿ ಉರುಳಿಸಿದೆ. ಆ ಬೆರಳುಗಳಿಂದ ಮಣಿ ಮುಟ್ಟಲು ನನಗೀಗ ಹೇಸಿಗೆ. ಮೂರು ವಾರದಿಂದ ಜಪ ಮಾಡಿಲ್ಲ.

ಈ ಕನ್ನಡ ಅಕ್ಷರವನ್ನು ಓದಬಲ್ಲವರು ನಮ್ಮ ಮನೆಯಲ್ಲಿ ನೀನೂ ನಾನೂ ಇಬ್ಬರೇ. ಆ ಸಭೆಯಲ್ಲಿ ನೀನೊಬ್ಬಳೇ. ಆ ಮರೆಯಲ್ಲಿ ಇದನ್ನು ಮುಚ್ಚಿಡಬೇಡ. ಇಪ್ಪತ್ತನೇ ತಾರೀಕು ಇದನ್ನು ತಮಿಳಿಗೆ ಮಾಡಿ ಎಲ್ಲರೆದುರು ಓದು. ಅಣ್ಣನ ಹೆಸರು ಬಂದಲ್ಲಿ ನಿಲ್ಲಬೇಡ. ನನ್ನ ಹೆಸರನ್ನು ಅದಕ್ಕೂ ಮೊದಲು ಓದು.